ಅಂಚಿನ ಕಾಲಾಳು

"ನನ್ನ ಕೋಟಿನ ಜೇಬಲ್ಲಿ ಫೋನ್ ಸಿಕ್ಕಿದೆಯಂತೆ. ಎರಡು ವರ್ಷ ಆಡೋ ಹಾಗಿಲ್ಲ ಅಂತಿದ್ದಾರೆ. ಅಮ್ಮಾ, ಆ ಫೋನನ್ನ ನಾನು ಕಣ್ಣಲ್ಲೂ ಕಂಡಿಲ್ಲ!" ಪಂದ್ಯಾವಳಿಯಲ್ಲಿ ಆಡಲು ಬಂದಿದ್ದ ನರ್ಸ್ ಒಬ್ಬಳು ನಮ್ಮ ಮೇಜಿನ ಮುಂದೆ ನಿಂತು ದೊಡ್ಡಮ್ಮನಿಗೆ ಹೇಳಿದಳು.

ನನ್ನ ದೊಡ್ಡಮ್ಮ ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು. ಈಗ ಚೆಸ್ ಪಂದ್ಯಾವಳಿಯ ಆಟಗಳನ್ನು ಅಚ್ಚಿಗೆ ಸಿದ್ಧಪಡಿಸುತ್ತಾಳೆ. ಅಲ್ಲಿ ಏನೇ ತಕರಾರೆದ್ದರೂ ಜನ ಬರುವುದು ಅವಳ ಹತ್ತಿರವೇ. ಅವಳ ಚೀಲ ಹೊರುವವನು ನಾನು. ಐದು ದಿನ ಆ ಸಭಾಂಗಣದಲ್ಲಿ ಕೂತು ಇಬ್ಬರಿಗೂ ಸಾಕುಸಾಕಾಗಿತ್ತು.

ಕೊನೆಯ ಸುತ್ತಿನಲ್ಲಿ ನರ್ಸ್, ತನಗಿಂತ ಇನ್ನೂರು ರೇಟಿಂಗ್ ಹೆಚ್ಚಿದ್ದ ಹಲ್ಲಿನ ಡಾಕ್ಟರನ್ನು ಸೋಲಿಸಿದ್ದಳು. ಆಟದ ನಡುವೆ ಅವಳು ಒಮ್ಮೆ ನೀರಿಗೆಂದು ಎದ್ದಿದ್ದಳು, ಎರಡೂ ಕಡೆಯ ನಡೆ ಬರೆದುಕೊಂಡ ತನ್ನ ಹಾಳೆಯನ್ನು ಮೇಜಿನ ಮೇಲೇ ಬಿಟ್ಟು. ಡಾಕ್ಟರಿಗೆ ಎದ್ದಾಗಲೆಲ್ಲ ಅಂಥದೇ ತಮ್ಮ ಹಾಳೆಯನ್ನು ಜೇಬಿಗೆ ತುರುಕುವ ಚಾಳಿ. ತೀರ್ಪುಗಾರರು ಎರಡು ಸಲ ಗದರಿದ್ದರು. ಸೋತೊಡನೆ ಡಾಕ್ಟರು ದೂರು ಕೊಟ್ಟರು. ಹೊರಕೋಣೆಯಲ್ಲಿ ತೂಗುಹಾಕಿದ್ದ ಅವಳ ಕೋಟಿನಲ್ಲಿ ಫೋನ್ ಸಿಕ್ಕಿತು. ಅದರಲ್ಲಿ ಮುಂದಿನ ನಡೆ ಹೇಳಿಕೊಡುವ ಚೆಸ್ ಆ್ಯಪ್, ಆ್ಯಪಿನಲ್ಲಿ ಅದೇ ಆಟ, ಇಪ್ಪತ್ತೊಂದನೆಯ ನಡೆಯವರೆಗೆ.

ದೊಡ್ಡಮ್ಮ ಫೋನನ್ನೂ ಇಬ್ಬರ ಹಾಳೆಗಳನ್ನೂ ತರಿಸಿಕೊಂಡಳು. ಯಾರೂ ಮುಟ್ಟದೆ ಬಿಟ್ಟಿದ್ದ ಹಲಗೆಯನ್ನು ಬಹಳ ಹೊತ್ತು ನೋಡಿ ನಿಟ್ಟುಸಿರಿಟ್ಟಳು. "ಎಲ್ಲರನ್ನೂ ಕರಿ ಮಗಾ. ಮುಗಿಸಿ ಮನೆಗೆ ಹೋಗೋಣ."

ತೀರ್ಪುಗಾರರು, ಡಾಕ್ಟರು, ನರ್ಸ್ ಹಲಗೆಯ ಸುತ್ತ ನಿಂತರು.

"ಇವಳ ಈ ಅಂಚಿನ ಕಾಲಾಳು ನೋಡಿ. ಒಂದೇ ಮನೆ ಮುಂದಿದೆ. ಇವಳ ಹಾಳೆಯಲ್ಲೂ ಒಂದೇ. ಫೋನಲ್ಲಿ ಮಾತ್ರ ಎರಡು ಮನೆ."

"ಗಾಬರೀಲಿ ತಪ್ಪಾಗಿ ಒತ್ತಿರ್ತಾಳೆ," ಎಂದರು ಡಾಕ್ಟರು.

"ಇರಬಹುದು. ಆದ್ರೆ ನಿಮ್ಮ ಹಾಳೆಯಲ್ಲೂ ಎರಡು ಮನೆ ಅಂತಾನೇ ಬರೆದಿದೆ. ಎರಡು ಕಡೆ ಒಂದೇ ತಪ್ಪು ಕಂಡ್ರೆ, ಒಂದನ್ನ ನೋಡಿ ಇನ್ನೊಂದು ಮಾಡಿರ್ತಾರೆ. ಮೂವತ್ತು ವರ್ಷ ನಾನು ನೋಡಿದ್ದು ಅದನ್ನೇ. ಆ ಹಾಳೆ ಹೊರಗೆ ಹೋಗಿದ್ದು ನಿಮ್ಮ ಜೇಬಲ್ಲಿ ಮಾತ್ರ."

ತೀರ್ಪುಗಾರರು ತಲೆಯಾಡಿಸಿದರು. "ಇಪ್ಪತ್ತೊಂದನೇ ನಡೆ ಆದ್ಮೇಲೆ ಎದ್ದು ಹೋಗಿದ್ರಿ. ನಾನು ಎರಡನೇ ಸಲ ಗದರಿದ್ದು ಆಗಲೇ."

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. "ಫೋನ್ ನಂದೇ. ಸೋಲ್ತೀನಿ ಅಂತ ಆಗಲೇ ಗೊತ್ತಾಗಿತ್ತು. ಇವಳ ಕೈಲಿ ಸೋತೆ ಅನ್ನಿಸ್ಕೊಳ್ಳೋಕೆ ಆಗಲಿಲ್ಲ."

ನನಗೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ತೀರ್ಪುಗಾರರು ನರ್ಸಿನ ಗೆಲುವನ್ನು ಎತ್ತಿಹಿಡಿದರು. ಅವಳು ಕೋಟು ಹಾಕಿಕೊಂಡು, ಅದರ ಜೇಬನ್ನೊಮ್ಮೆ ತಡವಿ ನೋಡಿಕೊಂಡಳು.

"ಗೆದ್ದೆಯಲ್ಲ, ಸ್ವಲ್ಪ ನಗಮ್ಮ," ಎಂದಳು ದೊಡ್ಡಮ್ಮ.

"ಡ್ಯೂಟಿಗೆ ಹೊತ್ತಾಯ್ತಮ್ಮಾ. ಖುಷಿ ಪಡೋಕೆ ಅಂತ ಇದ್ದಿದ್ದೇ ಅರ್ಧ ಗಂಟೆ. ಅದು ಇದರಲ್ಲೇ ಹೋಯ್ತು."