ಮೊದಲ ಸ್ಪ್ಯಾನರಿನ ಅಚ್ಚು

ಥಟ್ಟನೆ ಬಗ್ಗಿದೆ!

ಕಾದ ಸ್ಪ್ಯಾನರ್ ಕಿವಿ ಪಕ್ಕದಲ್ಲೇ ಹಾರಿ ತಗಡಿನ ಬಾಗಿಲಿಗೆ ಬಡಿಯಿತು. ಠಣ್!

"ಇನ್ನೊಂದು ಹೆಜ್ಜೆ ಇಟ್ಟೆಯೋ... ಮುಂದಿನದು ಹಣೆಗೇ!"

ಎಸೆದವಳು ಎಪ್ಪತ್ತು ದಾಟಿದ ಹೆಂಗಸು. ಕೈಯಲ್ಲಿ ಇಕ್ಕಳ, ಹಿಂದೆ ಕುಲುಮೆ. ಊರಿನ ಅತಿ ಹಳೆಯ ಸ್ಪ್ಯಾನರ್ ಕಂಪನಿಯ ಮಾಲೀಕನಿಗೆ ಸೋದರತ್ತೆ. ಈಗ ಕಳ್ಳಿ ಕೂಡ!

ಕದ್ದದ್ದು ಒಂದು ಉಕ್ಕಿನ ಅಚ್ಚು. ಕಂಪನಿಯ ಮೊದಲ ಸ್ಪ್ಯಾನರ್ ಮೂಡಿದ್ದೇ ಅದರಲ್ಲಿ. ಮಾಲೀಕನ ತಾತ ಸ್ವಂತ ಕೈಯಿಂದ ಕೊರೆದದ್ದು ಅಂತ ಗಾಜಿನ ಪೆಟ್ಟಿಗೆಯ ಮೇಲೆ ಬೋರ್ಡಿದೆ. ಇವತ್ತು ಮಧ್ಯಾಹ್ನ ಕಂಪನಿ ಮಾರಾಟ. ಕೊಳ್ಳುವವರಿಗೆ ಬೇಕಾದದ್ದು ಸವೆದ ಮೆಷಿನ್‌ಗಳಲ್ಲ... ಹಳೆಯ ಹೆಸರು, ಹಿಸ್ಟರಿ! ಅದಕ್ಕೇ ಮಾಲೀಕ ನನ್ನನ್ನು ಅಟ್ಟಿದ್ದ. ಕಳೆದದ್ದನ್ನು ಹುಡುಕಿ ತರುವುದು ನನ್ನ ಕಸುಬು.

"ಅಮ್ಮಾ, ಅಚ್ಚು ಕೊಟ್ಬಿಡಿ. ನನ್ನ ಪಾಡಿಗೆ ಹೋಗ್ತೀನಿ."

"ಅದನ್ನ ಕೊರೆದಿದ್ದು ನಮ್ಮಮ್ಮ ಕಣಯ್ಯ! ಅಪ್ಪ ಊರೂರು ತಿರುಗಿ ಆರ್ಡರ್ ತಂದ್ರು, ಅಷ್ಟೇ. ಅಮ್ಮನ ಹೆಸರು ಹಾಕೋ ಅಂದ್ರೆ ನನ್ನ ಅಣ್ಣನ ಮಗ ಏನಂದ ಗೊತ್ತಾ? 'ಹೆಂಗಸರ ಹೆಸರಿಗೆ ಸ್ಪ್ಯಾನರ್ ಖರ್ಚಾಗಲ್ಲ ಅತ್ತೆ!'"

ನನ್ನ ಫೋನ್ ಗುಂಯ್‌ಗುಟ್ಟಿತು. ಮಾಲೀಕ.

"ಸಿಕ್ತಾ?"

"ಸಿಕ್ತು. ಆದ್ರೆ ಕೊಡ್ತಿಲ್ಲ."

"ಕೈ ಮುರಿದು ತಗೋ! ನಿನ್ನ ಕೈಲಾಗಲ್ಲ ಅಂದ್ರೆ ಗೂಳಿ ಹಿಂದೇನೇ ಬರ್ತಿದಾನೆ."

ನಾನು ಒಳ್ಳೆಯವನೇನಲ್ಲ. ಆದರೆ ಕೈ ಮುರಿಯುವುದಕ್ಕೂ ಒಂದು ವಯಸ್ಸಿನ ಮಿತಿ ಇಟ್ಟುಕೊಂಡಿದ್ದೇನೆ!

ಹೊರಗೆ ವ್ಯಾನಿನ ಬ್ರೇಕ್ ಕಿರುಚಿತು. ಗೂಳಿ ಎಂದರೆ ಮಾಲೀಕನ ಬಂಟ. ಅವನ ಕುತ್ತಿಗೆ ಎಲ್ಲಿ ಮುಗಿದು ಭುಜ ಎಲ್ಲಿ ಶುರುವಾಗುತ್ತದೋ ಹೆತ್ತಮ್ಮನಿಗೂ ಗೊತ್ತಿರಲಿಕ್ಕಿಲ್ಲ.

"ಹಿಂಬಾಗಿಲಿದೆಯಾ?"

"ಇದೆ. ತಲೆ ತಪ್ಪಿಸಿಕೊಳ್ಳೋಕಲ್ಲ!" ಆಕೆ ಅಚ್ಚನ್ನು ಚೀಲಕ್ಕೆ ತುರುಕಿದಳು. "ಫ್ಯಾಕ್ಟರಿಗೇ ನಡಿ. ಕೊಳ್ಳೋರು ಬಂದಿರ್ತಾರೆ."

ಹಿಂದಿನ ಗಲ್ಲಿಯಲ್ಲಿ ಆಕೆಯ ಸ್ಕೂಟರ್ ಇತ್ತು. ನಾನು ಓಡಿಸಿದೆ. ಆಕೆ ಹಿಂದೆ, ಮಡಿಲಲ್ಲಿ ಅಚ್ಚು. ಕನ್ನಡಿಯ ತುಂಬ ಗೂಳಿಯ ವ್ಯಾನ್!

"ನಿಲ್ಲಿಸಬೇಡ! ನಿಲ್ಲಿಸಬೇಡ!" ಆಕೆ ನನ್ನ ಬೆನ್ನಿಗೆ ಗುದ್ದಿದಳು.

ಎದುರಿಗೆ ಕಬ್ಬಿಣದ ಸರಳು ಹೊತ್ತ ಲಾರಿಯೊಂದು ಹಿಮ್ಮುಖವಾಗಿ ಬರುತ್ತಿತ್ತು. ಗೋಡೆಗೂ ಲಾರಿಗೂ ನಡುವೆ ಒಂದು ಸಂದು. ನುಗ್ಗಿಸಿದೆ. ಮೊಣಕೈ ಸಿಪ್ಪೆ ಸುಲಿಯಿತು... ಹಿಂದೆ ಧಡಾರ್! ಸರಳುಗಳು ವ್ಯಾನಿನ ಗಾಜು ಸೀಳಿ ಒಳಗಿದ್ದವು. ಗೂಳಿ ಸೀಟಿನಡಿ ಮುದುಡಿದ್ದ. ಬದುಕಿದ್ದ. ಬೈಗುಳ ಕೇಳಿಸುತ್ತಿತ್ತು.

ಫ್ಯಾಕ್ಟರಿಯ ಮೀಟಿಂಗ್ ರೂಮಿನಲ್ಲಿ ಮಾಲೀಕ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದ. ಆಕೆ ಅಚ್ಚನ್ನು ಮೇಜಿನ ಮೇಲೆ ಕುಕ್ಕಿದಳು.

"ಇದನ್ನ ಕೊರೆದೋಳು ನಮ್ಮಮ್ಮ!"

ಮಾಲೀಕ ಹಲ್ಲು ಕಿರಿದ. "ಅತ್ತೆಗೆ ವಯಸ್ಸಾಯ್ತು. ಅರಳು ಮರಳು..."

ಆಕೆ ಅಚ್ಚನ್ನು ಮಗುಚಿದಳು. ಬುಡದಲ್ಲಿ ಉಳಿಯಿಂದ ಕೆತ್ತಿದ ಹೆಣ್ಣು ಹೆಸರು. ಕೆಳಗೆ ಕಂಪನಿ ಶುರುವಾದ ವರ್ಷ!

"ಗಾಜಿನಲ್ಲಿಟ್ಟು ಮೆರೆಸಿದ್ಯಲ್ಲೋ... ಒಂದು ಸಲವಾದ್ರೂ ಮಗುಚಿ ನೋಡಿದ್ಯಾ?"

ಆಕೆ ಅಮ್ಮನ ಹೆಸರಿನ ಮೇಲೆ ಒಮ್ಮೆ ಬೆರಳಾಡಿಸಿದಳು.

ಕೊಳ್ಳಲು ಬಂದಿದ್ದ ಕಂಪನಿಯ ಮುಖ್ಯಸ್ಥೆ ಕನ್ನಡಕ ಏರಿಸಿ ನೋಡಿದಳು. ನಿಧಾನವಾಗಿ ಪೆನ್ನು ಜೇಬಿಗಿಟ್ಟಳು.

"ಮೊದಲು ಆ ಬೋರ್ಡ್ ಬದಲಾಯಿಸಿ. ಸಹಿ ಆಮೇಲೆ."

ಮಾಲೀಕ ನನ್ನ ಕಾಲರ್ ಹಿಡಿದು ಮೂಲೆಗೆ ಎಳೆದ.

"ಅಚ್ಚು ತಗೊಂಡು ಬಾ ಅಂದ್ರೆ ಏನೋ ಮಾಡಿದೆ?"

"ತಂದಿದ್ದೀನಲ್ಲ ಸಾರ್... ಬುಡ ಸಮೇತ!"