ಸೋತವರು ಕಾಯಿ ಜೋಡಿಸಬೇಕು

ಬಹಳ ಬಹಳ ಹಿಂದೆ, ಮಂತ್ರ ಬಲ್ಲವರು ಹೊಳೆಗೂ ಬೀಗ ಹಾಕುತ್ತಿದ್ದ ಕಾಲದಲ್ಲಿ, ಬಿಳಿಹೊಳೆ ಎಂಬ ಒಂದು ರಾಜ್ಯವಿತ್ತು. ಅದನ್ನು ಶತ್ರುಭಯಂಕರ ಎಂಬ ಮಹಾರಾಜ ಆಳುತ್ತಿದ್ದ. ಹೆಸರು ಕೇಳಿ ಮೋಸ ಹೋಗಬೇಡಿ. ಶತ್ರು ಬಂದನೆಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಆ ಪುಣ್ಯಾತ್ಮನಿಗೆ ಹೊಟ್ಟೆನೋವು ಶುರುವಾಗುತ್ತಿತ್ತು.

ಒಂದು ದಿನ ಹೊಳೆ ಹುಟ್ಟುವ ಗುಡ್ಡದ ಗವಿಯಲ್ಲಿ ಉಗ್ರನಾಭನೆಂಬ ಮಾಂತ್ರಿಕ ಬಂದು ಕೂತ. ಮಂತ್ರ ಹಾಕಿ ಹೊಳೆಯ ಬಾಯಿ ಮುಚ್ಚಿದ. "ತಿಂಗಳಿಗೊಬ್ಬ ಚದುರಂಗದ ಆಟಗಾರನನ್ನು ನನ್ನ ಹತ್ತಿರ ಕಳಿಸು. ಆ ತಿಂಗಳ ನೀರು ಬಿಡುತ್ತೇನೆ" ಎಂದು ಹೇಳಿ ಕಳಿಸಿದ. ಮಹಾರಾಜ ತಾನು ಹೋದನೇ? ಎಲ್ಲಿ ಹೋದ! ಊರೂರಿಗೆ ಡಂಗುರ ಹೊಡೆಸಿದ. "ಗವಿಯಲ್ಲಿ ಸೋತವನು ಮರದ ಕಾಯಿಯಾಗುತ್ತಾನೆ. ಸೋತವನು ದಡ್ಡ. ದಡ್ಡನಿಗಾಗಿ ಯಾರೂ ಅಳಕೂಡದು." ಕೇಳಿದಿರಾ ಮಾತನ್ನು? ಕಳಿಸುವವನೂ ತಾನೇ, ಅಳುವುದಕ್ಕೆ ಅಡ್ಡಿ ಮಾಡುವವನೂ ತಾನೇ! ನೀರು ಕುಡಿದುಕೊಂಡು ಜನ ಬಾಯಿ ಮುಚ್ಚಿಕೊಂಡಿದ್ದರು.

ಇಪ್ಪತ್ತೊಂದು ಜನ ಹೋದರು. ಒಬ್ಬರೂ ಬರಲಿಲ್ಲ. ಇಪ್ಪತ್ತೊಂದನೆಯವನು ಸಂಕಣ್ಣ. ಮರ ಕಡೆದು, ಅರಗಿನ ಬಣ್ಣ ಹಚ್ಚಿ, ಚದುರಂಗದ ಕಾಯಿ ಮಾಡುವುದು ಅವನ ಕಸುಬು. ಅವನ ಜೊತೆಗೆ ದುಡಿಯುತ್ತಿದ್ದವಳು ತಂಗಿ ದುಗ್ಗಲೆ. ತಂದೆತಾಯಿ ಇಲ್ಲದ ಮನೆಯಲ್ಲಿ ಅವಳನ್ನು ಎತ್ತಿ ಆಡಿಸಿ ಬೆಳೆಸಿದವನು ಅವನೇ. ಬೆಳೆಸಿದ್ದೇನೋ ಸರಿ, ದಿನಾ ಸಂಜೆ ಚದುರಂಗದಲ್ಲಿ ಸೋಲಿಸಿ ಅಳಿಸುತ್ತಿದ್ದವನೂ ಅವನೇ. "ನಾಳೆಯಿಂದ ನಾನು ಆಡಲ್ಲ!" ಎಂದು ದುಗ್ಗಲೆ ಕಿರುಚುತ್ತಿದ್ದಳು. "ಆಡಬೇಡ, ಯಾರು ಕರೆದರು ನಿನ್ನ?" ಎನ್ನುತ್ತಿದ್ದ ಸಂಕಣ್ಣ.

ಆ ನಾಡಿನ ಆಟಕ್ಕೆ ಒಂದು ಕಟ್ಟಳೆಯಿತ್ತು. ಸೋತವರೇ ಮುಂದಿನ ಆಟಕ್ಕೆ ಎರಡೂ ಕಡೆಯ ಕಾಯಿ ಜೋಡಿಸಿಡಬೇಕು. ಗೆದ್ದವರು ಕಾಲ ಮೇಲೆ ಕಾಲು ಹಾಕಿಕೊಂಡು ನೋಡಬೇಕು. ಮಾನಸ್ಥರಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲವೆಂದು ನಾಡಿಗೆ ನಾಡೇ ನಂಬಿತ್ತು. ಹಾಗಾಗಿ ಸೋತವರು ಹಲಗೆಯನ್ನು ಒದ್ದು ಎದ್ದು ಹೋಗುವರು. ಜನ ಅದನ್ನೇ ಗತ್ತು ಎಂದು ಹೊಗಳುವರು. ದುಗ್ಗಲೆಗೆ ಮಾತ್ರ ಆ ನಾಚಿಕೆ ಇರಲಿಲ್ಲ. ಮಾಡಿದ ಕಾಯಿಗಳನ್ನು ಮಾರುವ ಮೊದಲು ಹಲಗೆಯ ಮೇಲೆ ಜೋಡಿಸಿ, ಎತ್ತರ ಸರಿಯಿದೆಯೇ, ಬುಡ ಅಲುಗುತ್ತದೆಯೇ ಎಂದು ನೋಡುವುದು ಅವಳ ದಿನದ ಕೆಲಸ. ಕಣ್ಣು ಮುಚ್ಚಿ ಜೋಡಿಸಬಲ್ಲಳು.

ಅಣ್ಣ ಹೋಗಿ ತಿಂಗಳಾಗುತ್ತಲೇ ಅವಳು ಅರಮನೆಗೆ ಹೋಗಿ ನಿಂತಳು. "ಈ ಸಲ ನಾನು ಹೋಗುತ್ತೇನೆ. ನಮ್ಮಣ್ಣನನ್ನು ಕರೆದುಕೊಂಡು ಬರಬೇಕು" ಎಂದಳು.

"ಹೋಗಿ ಬಾ ತಾಯಿ" ಎಂದ ಮಹಾರಾಜ. ಎಷ್ಟು ಬೇಗ ಅಂದನೆಂದರೆ, ಅವಳ ಮಾತು ಮುಗಿದೂ ಇರಲಿಲ್ಲ.

ಗವಿಯಲ್ಲಿ ಹುಲಿಚರ್ಮದ ಮೇಲೆ ಉಗ್ರನಾಭ ಕೂತಿದ್ದ. ಎದುರಿಗೆ ಕಲ್ಲಿನ ಹಲಗೆ. ಅವನ ಹೆಗಲ ಮೇಲೆ ಮಾತಾಡುವ ಗೊರವಂಕ. ದುಗ್ಗಲೆ ಮೊದಲ ಕಾಯಿ ನಡೆಸಿದ್ದೇ ತಡ, ಹಕ್ಕಿ ಶುರುಮಾಡಿತು. "ಅಯ್ಯೋ, ನೋಡ್ರೋ ಇವಳ ನಡೆ! ಕುದುರೆ ಹಿಡಿಯೋ ಕೈಯಾ ಅದು? ಮುದ್ದೆ ತಿರುವೋ ಕೈ!" ದುಗ್ಗಲೆಯ ಕಿವಿ ಕೆಂಪಾಯಿತು. ಹಕ್ಕಿಗೆ ಉತ್ತರ ಹುಡುಕುತ್ತಾ ಹುಡುಕುತ್ತಾ ಮಂತ್ರಿಯನ್ನು ಕಳಕೊಂಡಳು. ಹದಿನೈದೇ ನಡೆಯಲ್ಲಿ ರಾಜನೂ ಸಿಕ್ಕಿಬಿದ್ದ.

ಸೋತಳು. ಕಣ್ಣಲ್ಲಿ ನೀರು ತುಂಬಿತ್ತು, ಕೈ ಮಾತ್ರ ರೂಢಿಯಂತೆ ಕಾಯಿ ಜೋಡಿಸತೊಡಗಿತು. ಕುದುರೆಯೊಂದು ಕೈಗೆ ಬಂದಾಗ ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. ಸಿಟ್ಟಿನಲ್ಲಿ ಮೂಗಿನ ಹೊಳ್ಳೆ ಅರಳಿಸಿಕೊಂಡಿದ್ದ ಕುದುರೆ ಅದು. ಥೇಟ್ ಸಂಕಣ್ಣನ ಮೂಗು. ಅದನ್ನು ಮೆಲ್ಲಗೆ ಅದರ ಮನೆಯಲ್ಲಿಟ್ಟು, ಉಳಿದದ್ದನ್ನೂ ಜೋಡಿಸಿ, ದುಗ್ಗಲೆ ಎದ್ದಳು. ಮರವಾಗುತ್ತೇನೆಂದು ಕಣ್ಣು ಮುಚ್ಚಿ ನಿಂತಳು. ಏನೂ ಆಗಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಮಾಂತ್ರಿಕನ ಮುಖ ಹುಳ್ಳಗಾಗಿತ್ತು. ಒಂದೂ ಅರ್ಥವಾಗದೆ ಅವಳು ಗುಡ್ಡ ಇಳಿದು ಮನೆಗೆ ಹೋದಳು.

ಎರಡನೆಯ ದಿನ ಗೊರವಂಕ ಇರಲಿಲ್ಲ. ಅದರ ಜಾಗದಲ್ಲಿ ಮುದಿ ಹೆಣ್ಣುನರಿಯೊಂದು ಬಾಲ ಮುದುರಿ ಕೂತಿತ್ತು. "ಪಾಪ, ನನ್ನ ಕಂದ" ಎಂದಿತು ನರಿ. "ನಿನಗೆ ಯಾಕಮ್ಮ ಈ ಕಷ್ಟ? ಕೆಲವರಿಗೆ ತಲೆ ಇರುತ್ತೆ, ಕೆಲವರಿಗೆ ಇರಲ್ಲ. ನಿನ್ನ ತಪ್ಪಲ್ಲ ಮಗಳೇ. ಇದನ್ನು ಬಿಟ್ಟು ಹೂವು ಕಟ್ಟಿಕೊಂಡು ಸುಖವಾಗಿರು."

ಬೈಗುಳ ಹೇಗೋ ತಡೆದುಕೊಳ್ಳಬಹುದು. ಈ ಸುಡುಗಾಡು ಕನಿಕರ ಇದೆಯಲ್ಲ, ಅದು ಮೈಯೆಲ್ಲ ಉರಿಸುತ್ತದೆ. ದುಗ್ಗಲೆಗೆ ಆಟ ಚೆನ್ನಾಗಿಯೇ ಬಂದಿತ್ತು, ಒಂದು ಆನೆ ಹೆಚ್ಚೇ ಇತ್ತು. ನರಿ ಇನ್ನೊಂದು ಸಲ "ಪಾಪ" ಅಂದಾಗ ಸಿಟ್ಟಿನಲ್ಲಿ ಆ ಆನೆಯನ್ನು ಎತ್ತಿ ಒಂಟೆಯ ಬಾಯಿಗೆ ಕೊಟ್ಟಳು. ಮತ್ತೆ ಸೋತಳು.

"ಸಾಕು! ನಿಮ್ಮ ಆಟಕ್ಕಿಷ್ಟು ಬೆಂಕಿ ಹಾಕ! ನಾನು ಇನ್ನು ಈ ಜನ್ಮದಲ್ಲಿ ಕಾಯಿ ಮುಟ್ಟಲ್ಲ!" ಎಂದು ಕೂಗಿ, ಕಾಯಿಗಳನ್ನು ಬಿದ್ದಲ್ಲೇ ಬಿಟ್ಟು, ದಡಕ್ಕನೆ ಎದ್ದಳು.

ಕಾಲಬೆರಳುಗಳಲ್ಲಿ ಜೋಮು ಹಿಡಿಯಿತು. ಬಗ್ಗಿ ನೋಡುತ್ತಾಳೆ, ಹೆಬ್ಬೆರಳು ಮರವಾಗಿದೆ! ಅರಗಿನ ಬಣ್ಣ ಹಚ್ಚಿದ ನುಣುಪಾದ ಮರ. ಅದು ಪಾದಕ್ಕೇರಿತು, ಹಿಮ್ಮಡಿಗೇರಿತು. ಉಗ್ರನಾಭನ ಹಲ್ಲು ಹೊರಗೆ ಬಂತು. ದುಗ್ಗಲೆ ದೊಪ್ಪನೆ ಕೂತಳು. ಆನೆಯನ್ನು ಮೂಲೆಗಿಟ್ಟಳು, ಹಿಮ್ಮಡಿ ಮೆತ್ತಗಾಯಿತು. ಕುದುರೆ ಇಟ್ಟಳು, ಪಾದ ಮೆತ್ತಗಾಯಿತು. ಕೊನೆಯ ಕಾಲಾಳನ್ನು ಇಟ್ಟಾಗ ಹೆಬ್ಬೆರಳು ಅಲ್ಲಾಡಿತು.

ಆಗ ಅವಳಿಗೆ ಎಲ್ಲ ಹೊಳೆಯಿತು. ಇಪ್ಪತ್ತೊಂದು ಜನರೂ ಸೋತದ್ದಕ್ಕೆ ಮರವಾಗಿರಲಿಲ್ಲ! ಕಾಯಿ ಜೋಡಿಸಲು ನಾಚಿ, ಗತ್ತು ತೋರಿಸಿ ಎದ್ದು ನಿಂತದ್ದಕ್ಕೆ ಮರವಾಗಿದ್ದರು. ಇವನು ಆಡಿ ಗೆಲ್ಲುವುದು ಅಷ್ಟಕ್ಕಷ್ಟೇ. ರೇಗಿಸಿ ಎಬ್ಬಿಸುವುದೇ ಇವನ ವಿದ್ಯೆ.

ಮನೆಗೆ ಬಂದು ಮರ ಕಡೆಯುವ ಚಕ್ರದ ಮುಂದೆ ಕೂತಳು. ಹೊತ್ತು ಇನ್ನೂ ಇತ್ತು, ಕೆಲಸ ಓಡಲಿಲ್ಲ. ಬಿಟ್ಟುಬಿಡಲೇ ಅನ್ನಿಸಿತು. ನಿಜಕ್ಕೂ ಅನ್ನಿಸಿತು. ಕಾಯಿ ಜೋಡಿಸಿಟ್ಟೇ ಬಂದಿದ್ದೇನೆ, ಇನ್ನು ಹೋಗದಿದ್ದರೆ ಯಾವ ಮಾಟವೂ ತಗಲುವುದಿಲ್ಲ. ಎಷ್ಟು ಅಂತ ಸೋಲುವುದು? ಆಟ ಬಿಡುವುದೇನು ಪಾಪವಲ್ಲ, ಬೇಡವಾದವರು ಬಿಡಲಿ. ಆದರೆ ನನಗೆ ಬೇಡವಾಗಿದೆಯೋ, ನನಗೆ ಬೇಡವಾಗುವ ಹಾಗೆ ಅವರು ಮಾಡಿದ್ದಾರೋ? ಇದನ್ನು ಕೇಳಿಕೊಂಡಾಗ ಅವಳಿಗೆ ಎಲ್ಲಿಲ್ಲದ ರೋಷ ಬಂತು. "ಬಿಡುವುದಾದರೆ ನನಗೆ ಬೇಜಾರಾದ ದಿನ ಬಿಡುತ್ತೇನೆ" ಎಂದು ಬರಿಮನೆಗೆ ಕೇಳುವಂತೆ ಹೇಳಿದಳು. "ಯಾವುದೋ ನರಿ ಹೇಳಿತೆಂದು ಬಿಡಲ್ಲ. ಅಲ್ಲಿ ನಮ್ಮಣ್ಣ ಇದ್ದಾನೆ."

ಮೂರನೆಯ ದಿನ ಬೆಳಗಾಗುತ್ತಲೇ ಗವಿಗೆ ಹೋದಳು. ಆಡಿದಳು, ಸೋತಳು. ಕಾಯಿ ಜೋಡಿಸಿದಳು. "ಇನ್ನೊಂದು ಆಟ" ಎಂದಳು. ಮತ್ತೆ ಸೋತಳು, ಮತ್ತೆ ಜೋಡಿಸಿದಳು. "ಇನ್ನೊಂದು." ಸಿಟ್ಟು ಬರಲಿಲ್ಲ ಎಂದುಕೊಂಡಿರಾ? ಬಂತು, ಕುದಿಯುವಷ್ಟು ಬಂತು. ಬಾಯಿಗೆ ಬಂದದ್ದು ಬೈದಳು, ಕಣ್ಣೀರೂ ಹಾಕಿದಳು. ಕೂತ ಜಾಗ ಬಿಟ್ಟು ಮಾತ್ರ ಏಳಲಿಲ್ಲ. ಒಂದೊಂದು ಕಾಯಿಯನ್ನು ಅದರ ಮನೆಗೆ ತಂದಿಡುವಾಗ, ಇದು ಎಲ್ಲಿ ಸತ್ತಿತು, ಯಾಕೆ ಸತ್ತಿತು ಎಂದು ಆಟವನ್ನೇ ಹಿಂದಕ್ಕೆ ನೋಡಿದಳು. ಏಳನೆಯ ಆಟದ ಹೊತ್ತಿಗೆ ಗೊತ್ತಾಯಿತು, ಮಾಂತ್ರಿಕನ ಹತ್ತಿರ ಇದ್ದದ್ದು ಎರಡೇ ಹೂಟ. ಒಂಟೆಯನ್ನು ಮುಂದೆ ಬಿಟ್ಟು ಮಂತ್ರಿಯನ್ನು ತರುವುದೊಂದು, ಕುದುರೆ ಕೊಟ್ಟು ಆನೆ ಕೀಳುವುದು ಇನ್ನೊಂದು. ಎಂದೂ ಸೋಲದವನು ಮೂರನೆಯದನ್ನು ಯಾಕೆ ಕಲಿಯುತ್ತಾನೆ?

ಹನ್ನೊಂದನೆಯ ಆಟದಲ್ಲಿ ಉಗ್ರನಾಭ ಬೆವರಿದ. ಬಾಯಲ್ಲಿ ಏನೋ ಮಣಮಣಿಸಿದ. ಕೂಡಲೆ ಹಲಗೆಯ ಮೇಲಿನ ಕುದುರೆ ಸಂಕಣ್ಣನ ದನಿಯಲ್ಲಿ ಮಾತಾಡಿತು. "ನನ್ನ ಮುದ್ದು ತಂಗಿ, ನನ್ನ ಚಿನ್ನ, ನನಗಾಗಿ ನೋಯಬೇಡ. ಎದ್ದು ಮನೆಗೆ ಹೋಗು, ಬಂಗಾರ."

ದುಗ್ಗಲೆಯ ಕೈ ಗಾಳಿಯಲ್ಲೇ ನಿಂತಿತು. ಒಂದು ಕಾಲು ಏಳಲು ಹೊರಟಿತು. ಆಮೇಲೆ ಅವಳು ಉಸಿರು ಕಟ್ಟುವ ಹಾಗೆ ನಕ್ಕಳು. "ಮುದ್ದು ತಂಗಿಯಂತೆ! ಚಿನ್ನವಂತೆ! ಲೋ ಮಾಂತ್ರಿಕ, ನಮ್ಮಣ್ಣ ನಾನು ಹುಟ್ಟಿದಾಗಿನಿಂದ ನನಗೆ ಒಂದು ಒಳ್ಳೇ ಮಾತು ಆಡಿದವನಲ್ಲ. ಸುಳ್ಳು ಹೇಳುವುದಕ್ಕೂ ಸ್ವಲ್ಪ ವಿಚಾರಿಸಿಕೊಂಡು ಹೇಳಬಾರದೇನೋ?" ಎಂದು ಆ ಕುದುರೆಯನ್ನೇ ಎತ್ತಿ ಎರಡು ಮನೆ ನೇರ, ಒಂದು ಮನೆ ಪಕ್ಕಕ್ಕೆ ಹಾರಿಸಿದಳು. "ನಿನ್ನ ರಾಜ ಸಿಕ್ಕಿಬಿದ್ದ."

ಉಗ್ರನಾಭ ನೋಡಿದ. ಎಡಕ್ಕೆ ಹೋಗುವಂತಿಲ್ಲ, ಬಲಕ್ಕೆ ಹೋಗುವಂತಿಲ್ಲ.

"ಸೋತೆಯಲ್ಲ, ಜೋಡಿಸು" ಎಂದಳು ದುಗ್ಗಲೆ.

"ನಾನಾ? ನಾನು ಉಗ್ರನಾಭ! ಕೆಳಗೆ ಬಗ್ಗಿ ಕಾಯಿ ಜೋಡಿಸುವುದೇ? ಛೀ!" ಎಂದು ಅವನು ಹಲಗೆಯನ್ನು ಒದ್ದು ಎದ್ದು ನಿಂತ. ನಿಂತವನು ಮತ್ತೆ ಅಲುಗಲಿಲ್ಲ. ಹಿಮ್ಮಡಿ, ಮೊಣಕಾಲು, ಹೊಟ್ಟೆ, ಗಡ್ಡ, ಎಲ್ಲ ಮರವಾಗಿ, ಕುಗ್ಗಿ ಕುಗ್ಗಿ, ಹೆಬ್ಬೆರಳುದ್ದದ ಕಾಲಾಳಾಗಿ ನೆಲಕ್ಕೆ ಉರುಳಿದ. ಹೊಳೆಯ ಬಾಯಿ ಭೋರೆಂದು ತೆರೆಯಿತು. ಚೆಲ್ಲಾಪಿಲ್ಲಿಯಾದ ಕಾಯಿಗಳು ಮೈ ಮುರಿದು, ಆಕಳಿಸಿ, ಒಬ್ಬೊಬ್ಬರಾಗಿ ಮನುಷ್ಯರಾದರು. ಸಂಕಣ್ಣ ಎದ್ದು ನಿಂತು ಮಾಡಿದ ಮೊದಲ ಕೆಲಸ ಬೈದದ್ದು. "ಹತ್ತು ಆಟ ಸೋಲಬೇಕಿತ್ತೇನೇ? ನಾಲ್ಕನೆಯದರಲ್ಲೇ ಗೆಲ್ಲಬಹುದಿತ್ತು!" ಎಂದ. ಅನ್ನುತ್ತಾ ಅನ್ನುತ್ತಾ ತಂಗಿಯನ್ನು ತಬ್ಬಿಕೊಂಡು ಗೋಳೋ ಎಂದು ಅತ್ತ.

ಮಹಾರಾಜ ಆನೆ, ಕಹಳೆ, ಹೂಮಾಲೆಗಳ ಸಮೇತ ಗವಿಗೆ ಓಡಿಬಂದ. "ಭೇಷ್! ಏನು ಬೇಕು ಕೇಳು ತಾಯಿ. ಅರ್ಧ ರಾಜ್ಯ ಬೇಕೇ?"

"ನಿಮ್ಮ ರಾಜ್ಯ ನೀವೇ ಇಟ್ಟುಕೊಳ್ಳಿ" ಎಂದಳು ದುಗ್ಗಲೆ, ನೆರೆದ ಜನಕ್ಕೆಲ್ಲ ಕೇಳುವಂತೆ. "ಇವರನ್ನು ದಡ್ಡರೆಂದು ಡಂಗುರ ಹೊಡೆಸಿದಿರಿ. ಇವರಿಗಾಗಿ ಅಳಬೇಡಿ ಎಂದಿರಿ. ಆ ಕಲ್ಲಿನ ಹಲಗೆಯ ಮುಂದೆ ಒಂದು ಸಲವಾದರೂ ನೀವು ಕೂತಿದ್ದೀರಾ? ಈಗ ಕೂತುಕೊಳ್ಳಿ. ಈ ಇಪ್ಪತ್ತೊಂದು ಜನರ ಜೊತೆ ಒಂದೊಂದು ಆಟ ಆಡಿ. ನನಗೆ ಬೇಕಾದದ್ದು ಇಷ್ಟೇ."

ಇಡೀ ಊರು ನೋಡುತ್ತಿತ್ತು. ಇಲ್ಲ ಎನ್ನಲು ಮಹಾರಾಜನಿಗೆ ದಾರಿಯಿರಲಿಲ್ಲ. ಊರವರು ಬೇರೆ ಚದುರಂಗದ ಹಲಗೆ, ಕಾಯಿ ತಂದು ಹಾಸಿದರು. ಆ ಇಪ್ಪತ್ತೊಂದು ಜನರಲ್ಲಿ ಮೊದಲು ಎದುರಿಗೆ ಕೂತವಳು ಗಾಣ ಆಡಿಸುವ ಮುದುಕಿ, ಹುಣಸಕ್ಕ. ಒಂಬತ್ತೇ ನಡೆಯಲ್ಲಿ ಅವನನ್ನು ಕಟ್ಟಿಹಾಕಿದಳು. ಮಹಾರಾಜ ರೂಢಿಯಂತೆ ಶಲ್ಯ ಕೊಡವಿಕೊಂಡು ಎದ್ದ.

"ಕೂತುಕೊಳ್ಳಿ ಮಹಾರಾಜರೇ" ಎಂದಳು ದುಗ್ಗಲೆ. "ಸೋತವರು ಕಾಯಿ ಜೋಡಿಸಬೇಕು."

ಮಹಾರಾಜ ಮಾಂತ್ರಿಕ ಬಿದ್ದಿದ್ದ ಕಡೆಗೊಮ್ಮೆ ನೋಡಿದ. ಕೂತ. ಆನೆಯನ್ನು ಒಂಟೆಯ ಮನೆಯಲ್ಲಿಟ್ಟ. ಜನ ಗೊಳ್ಳೆಂದು ನಕ್ಕರು. ಹುಣಸಕ್ಕ "ಅದು ಮೂಲೆಗೆ, ನನ್ನಪ್ಪ" ಎಂದು ಕೈ ಹಿಡಿದು ತೋರಿಸಿದಳು.

ಆ ರಾಜ್ಯದಲ್ಲಿ ಆಮೇಲೆ ನೀರಿಗೂ ಅಳುವುದಕ್ಕೂ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಆಡುವವರು ಆಡಿದರು, ಬೇಡವಾದವರು ಬಿಟ್ಟರು, ಎಲ್ಲರೂ ಹೊಟ್ಟೆತುಂಬ ಉಂಡು ನೆಮ್ಮದಿಯಾಗಿ ಬಾಳಿದರು. ಮಹಾರಾಜ ಮಾತ್ರ ಅಂದು ಇಪ್ಪತ್ತೊಂದು ಆಟವನ್ನೂ ಸೋತ. ಕೊನೆಯದು ಸೋತಾಗ ಯಾರೂ ಅವನಿಗೆ ನೆನಪಿಸಬೇಕಾಗಲಿಲ್ಲ. ತಾನೇ ಬಗ್ಗಿ, ಒಂದೊಂದಾಗಿ, ಎಲ್ಲ ಕಾಯಿಯನ್ನೂ ಸರಿಯಾದ ಮನೆಯಲ್ಲಿ ಜೋಡಿಸಿದ.