ಅಳಿಸಿಹಾಕಿದ ಉಸಿರು

"ಸ್ವಲ್ಪ ಆ ಕಡೆ ಸರಿದು ಕೂತ್ಕೋತೀರಾ?"

ಹದಿನೇಳು ವರ್ಷಗಳ ನಂತರ ಅವನು ಅವಳೊಂದಿಗೆ ಆಡಿದ ಮೊದಲ ಮಾತು ಅದು!

ಅವಳು ತಲೆ ಎತ್ತಲಿಲ್ಲ. ಕುರ್ಚಿಯನ್ನು ಒಂದು ಗೇಣು ಸರಿಸಿದಳು. ಒಂದು ಕಾಲದಲ್ಲಿ ಇದೇ ಮನುಷ್ಯ "ಸರಿಯೇ ಸುಂಡಿಲಿ" ಎಂದು ಭುಜದಿಂದ ನೂಕುತ್ತಿದ್ದ. ಈಗ 'ಕೂತ್ಕೋತೀರಾ' ಅಂತೆ... ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಹೇಳುವ ಹಾಗೆ!

ಅದೊಂದು ಹಾಡುಗಳ ಅಂಗಡಿ. ಹೆಸರಿಗಷ್ಟೇ ಹಾಡುಗಳದ್ದು. ಈಗ ಮುಕ್ಕಾಲು ಭಾಗ ಮೊಬೈಲ್ ಕವರುಗಳು, ಹೆಡ್‌ಫೋನುಗಳು. ಕೊನೆಯ ಮೂಲೆಯಲ್ಲಿ ಒಂದು ಮೇಜು ಹಾಕಿ, ಅದರ ಮೇಲೆ ಅವರ ಹೊಸ ಆಲ್ಬಮ್ಮನ್ನು ಗೋಪುರದಂತೆ ಜೋಡಿಸಿಟ್ಟಿದ್ದರು. ಮುಖಪುಟದಲ್ಲಿ ನಾಲ್ಕು ಮುಖಗಳು. ಅವನು, ಅವಳು, ಕೀಬೋರ್ಡ್ ಅಣ್ಣ, ಆ ಅಣ್ಣನ ಹೆಂಡತಿಯ ತಮ್ಮ. ಡ್ರಮ್ ಬಡಿಯುವ ಅವನನ್ನು ಎಲ್ಲರೂ ಭಾವ ಎಂದೇ ಕರೆಯುತ್ತಿದ್ದರು. ನಾಲ್ವರೂ ಸಾಲಾಗಿ ಕೂತು, ಕೈಯಲ್ಲಿ ಪೆನ್ನು ಹಿಡಿದು, ಅಭಿಮಾನಿಗಳಿಗಾಗಿ ಕಾಯುತ್ತಿದ್ದರು.

ಹಾಗೆ ಕೂತು ಒಂದು ಗಂಟೆಯಾಗಿತ್ತು. ಒಬ್ಬ ಕಾಲೇಜು ಹುಡುಗಿ ನೇರವಾಗಿ ಮೇಜಿನ ಹತ್ತಿರ ಬಂದಳು. ನಾಲ್ವರೂ ಒಟ್ಟಿಗೆ ಬೆನ್ನು ನೆಟ್ಟಗೆ ಮಾಡಿಕೊಂಡರು.

"ಅಂಕಲ್, ಚಾರ್ಜರ್ ಎಲ್ಲಿ ಸಿಗುತ್ತೆ?"

"ಎಡಗಡೆ ಹೋಗಮ್ಮ," ಎಂದ ಭಾವ. ಅವಳು ಹೋದ ಮೇಲೆ ಪೆನ್ನಿನ ಮುಚ್ಚಳ ಹಾಕುತ್ತಾ, "ಚಾರ್ಜರಿಗೇ ಸೈನ್ ಹಾಕಿ ಕೊಡೋಣ ಕಣೋ, ಅದಾದ್ರೂ ಹೋಗುತ್ತೆ!" ಎಂದ.

ಅಣ್ಣ ನಕ್ಕ. ಅವಳಿಗೂ ನಗು ಬಂತು. ಅವನು ಮಾತ್ರ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿಬಿಟ್ಟ.

'ನನ್ನ ಜೊತೆ ನಗೋದಕ್ಕೂ ಇಷ್ಟವಿಲ್ಲ...' ಅಂದುಕೊಂಡಳು ಅವಳು.

* * *

ಒಂದು ಕಾಲವಿತ್ತು... ಕ್ಷೌರದಂಗಡಿ, ಹೋಟೆಲು, ಬಸ್ಸು, ಎಲ್ಲಿ ಹೋದರೂ ಇವರದ್ದೇ ಹಾಡು. ಅವನ ತಗ್ಗಿದ ದನಿ, ಅದರ ಬೆನ್ನಿಗೇ ಬರುವ ಅವಳ ತೆಳ್ಳನೆಯ ದನಿ.

ಇಬ್ಬರೂ ಹಾಡುವ ರೀತಿಯೇ ಬೇರೆ. ಶುರುವಿನ ದಿನಗಳಲ್ಲಿ ಅವರ ಬಳಿ ಇದ್ದದ್ದು ಒಂದೇ ಮೈಕು. ಅದರ ಆಚೆ ಅವನು, ಈಚೆ ಅವಳು, ಎದುರುಬದುರು. ಒಂದು ಎರಡು ಮೂರು ಎಂದು ಎಣಿಸುವ ಪದ್ಧತಿ ಅವರಿಗಿರಲಿಲ್ಲ. ಅವನು ಉಸಿರೆಳೆಯುತ್ತಿದ್ದ. ಆ ಉಸಿರನ್ನೇ ಹಿಡಿದುಕೊಂಡು ಅವಳು ಹಾಡಿಗೆ ಬರುತ್ತಿದ್ದಳು. ಆಮೇಲೆ ಹತ್ತು ಮೈಕು ಬಂದರೂ ಅವರು ಆ ಒಂದನ್ನು ಬಿಡಲಿಲ್ಲ. ಆ ಉಸಿರು ಕ್ಯಾಸೆಟ್ಟಿನಲ್ಲೂ ಕೇಳುತ್ತಿತ್ತು.

ಮುಂದಿನ ಆಲ್ಬಂ ಬಂದ ಮೇಲೆ ಮದುವೆ ಎಂದು ಮಾತಾಗಿತ್ತು.

ಅಷ್ಟರಲ್ಲಿ ಗಾಳಿ ಬದಲಾಯಿತು. ಧಡಧಡ ಬೀಟು ಬಂತು, ಕುಣಿಸುವ ಹಾಡು ಬಂತು. ಇಬ್ಬರು ಎದುರುಬದುರು ನಿಂತು ಮೆಲ್ಲಗೆ ಹಾಡುವುದು ಅಜ್ಜಿ ಕಾಲದ್ದಾಗಿ ಹೋಯಿತು. ಕಂಪನಿಯವರು ಅವನೊಬ್ಬನನ್ನೇ ಕರೆದರು. 'ಹೊಸ ಬೀಟಿಗೆ ನೀನೊಬ್ಬನೇ ಹಾಡು' ಎಂದರು.

ಅವನು ಹೋದ! ಅವಳಿಗೆ ಒಂದು ಮಾತೂ ಹೇಳಲಿಲ್ಲ. ಪೇಪರಿನಲ್ಲಿ ಫೋಟೋ ನೋಡಿ ಅವಳಿಗೆ ಗೊತ್ತಾಯಿತು.

ಆ ಆಲ್ಬಮ್ಮೂ ಓಡಲಿಲ್ಲ. ಆದರೂ ಅವನು ತಿರುಗಿ ಬರಲಿಲ್ಲ. ಅವಳೂ ಹುಡುಕಿಕೊಂಡು ಹೋಗಲಿಲ್ಲ. ಅಕ್ಕನ ಮನೆಯ ಹಿಂದಿನ ಕೋಣೆಗೆ ಬಂದು ಸೇರಿದಳು. ಒಂದು ಹಲ್ಲಿನ ಆಸ್ಪತ್ರೆಯಲ್ಲಿ ಟೋಕನ್ ಕೊಡುವ ಕೆಲಸ ಹಿಡಿದಳು. ಊರೆಲ್ಲ ಗುನುಗುತ್ತಿದ್ದ ದನಿ ಈಗ "ಹನ್ನೆರಡನೇ ನಂಬರ್ ಒಳಗೆ ಬನ್ನಿ" ಎನ್ನುತ್ತಿತ್ತು, ಅಷ್ಟೇ.

ಕಳೆದ ವರ್ಷ ಒಂದು ದಿನ ಕೀಬೋರ್ಡ್ ಅಣ್ಣ ಬಂದು ಟೋಕನ್ ತೆಗೆದುಕೊಂಡು, ಒಂದು ಗಂಟೆ ಸುಮ್ಮನೆ ಬೆಂಚಿನ ಮೇಲೆ ಕೂತಿದ್ದ. ಅವಳು ನಂಬರ್ ಕೂಗಿದಾಗ ಎದ್ದು ಬಂದ.

"ಯಾವ ಹಲ್ಲು ಅಣ್ಣಾ?"

"ಹಲ್ಲೆಲ್ಲ ಗಟ್ಟಿಯಾಗೇ ಇದೆ ಕಣೇ. ನಿನ್ನ ದನಿ ಹೇಗಿದೆ ಅಂತ ಕೇಳೋಣ ಅಂತ ಕೂತಿದ್ದೆ. ಚೆನ್ನಾಗಿದೆ. ನಾಲ್ಕೂ ಜನ ಮತ್ತೆ ಹಾಡೋಣ, ಬರ್ತೀಯಾ?"

"ಅವನು ಒಪ್ಪಿದ್ನಾ?"

"ಅವನೇ ಕಳಿಸಿದ್ದು."

ಅವಳು ಒಪ್ಪಿದ್ದು ಹೆಸರಿಗಾಗಿ ಅಲ್ಲ. ಅವಳಿಗೆ ಒಂದೇ ಒಂದು ವಿಷಯ ತಿಳಿಯಬೇಕಿತ್ತು. ಅವನ ಮನಸ್ಸಿನಲ್ಲಿ ತಾನು ಇನ್ನೂ ಇದ್ದೇನೆಯೇ? ಬಾಯಿಬಿಟ್ಟು ಕೇಳುವುದು ಅವಳಿಂದ ಆಗದ ಮಾತು. ಆದರೆ ಆ ಒಂದು ಮೈಕಿನ ಮುಂದೆ ಎದುರುಬದುರು ನಿಂತರೆ ಸಾಕು... ಅವನ ಉಸಿರೇ ಹೇಳಿಬಿಡುತ್ತದೆ!

ಆದರೆ ಸ್ಟುಡಿಯೋಗೆ ಹೋದರೆ ಅವನೇ ಇಲ್ಲ.

"ಅವನು ಬೆಳಿಗ್ಗೆ ಹಾಡಿ ಹೋಗ್ತಾನೆ, ನೀನು ಮಧ್ಯಾಹ್ನ ಹಾಡು," ಎಂದ ಅಣ್ಣ, ಅವಳ ಮುಖ ನೋಡದೆ.

ಗಾಜಿನ ಕೋಣೆಯೊಳಗೆ ಒಬ್ಬಳೇ ನಿಂತು ಹೆಡ್‌ಫೋನ್ ಹಾಕಿಕೊಂಡಳು. ಅವನ ದನಿ ಬಂತು. ಅದೇ ದನಿ! ಕಣ್ಣು ಮುಚ್ಚಿ ಆ ಉಸಿರಿಗಾಗಿ ಕಾದಳು...

ಬರಲೇ ಇಲ್ಲ. ಸ್ವಿಚ್ ಹಾಕಿದಂತೆ ಅವನ ಸಾಲು ಶುರುವಾಗುತ್ತಿತ್ತು, ಸ್ವಿಚ್ ಆರಿಸಿದಂತೆ ಮುಗಿಯುತ್ತಿತ್ತು. ಮೂರು ಸಲ ಅವಳು ತಪ್ಪಿದಳು.

"ತಾಳಕ್ಕೆ ಟಿಕ್ ಟಿಕ್ ಹಾಕ್ಲಾ ಮೇಡಂ? ಅದನ್ನ ಕೇಳ್ಕೊಂಡು ಬನ್ನಿ," ಎಂದಳು ರೆಕಾರ್ಡಿಂಗ್ ಮಾಡುವ ಹುಡುಗಿ.

ಒಂಬತ್ತು ಹಾಡುಗಳನ್ನೂ ಅವಳು ಆ ಟಿಕ್ ಟಿಕ್ ಹಿಡಿದುಕೊಂಡೇ ಹಾಡಿದಳು. ಉಸಿರಿನಷ್ಟು ಜಾಗವನ್ನೂ ಅವನು ತನಗೆ ಉಳಿಸಿಲ್ಲ ಎಂದುಕೊಂಡು, ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತಳು.

ಆಲ್ಬಂ ಬಂತು. ಯಾವ ಪೇಪರೂ ಒಂದು ಸಾಲು ಬರೆಯಲಿಲ್ಲ. ಚೆನ್ನಾಗಿಲ್ಲ ಎಂದೂ ಯಾರೂ ಅನ್ನಲಿಲ್ಲ! ಬೈದಿದ್ದರೆ ಕೇಳಿದ್ದಾರೆ ಅಂತಾದರೂ ಆಗುತ್ತಿತ್ತು...

* * *

"ಅಮ್ಮಾ, ನೀವೇ ಅಲ್ವಾ ಎರಡನೇ ದನಿ?"

ಅವಳು ಬೆಚ್ಚಿ ತಲೆ ಎತ್ತಿದಳು. ಮೇಜಿನ ಮುಂದೆ ಒಬ್ಬ ವಯಸ್ಸಾದವರು ನಿಂತಿದ್ದರು. ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರಂತೆ. ನಾಲ್ವರ ಕೈಲೂ ಸೈನ್ ಹಾಕಿಸಿಕೊಂಡರು. ಹೋಗಲು ತಿರುಗಿದವರು ನಿಂತು, ಅವನ ಕಡೆ ನೋಡಿದರು.

"ತಪ್ಪು ತಿಳೀಬೇಡಿ ಸಾರ್. ಮೊಮ್ಮಗಳ ಫೋನಲ್ಲಿ ಎಲ್ಲಾ ಹಾಡೂ ಕೇಳಿದೆ. ಆದ್ರೆ ನಿಮ್ಮ ಉಸಿರೆಲ್ಲಿ?"

"ಏನು?"

"ಹಳೇ ಹಾಡಲ್ಲಿ ನೀವು ಉಸಿರೆಳೆಯೋದು ಕೇಳಿಸ್ತಿತ್ತಲ್ಲ ಸಾರ್. ಬಸ್ಸಲ್ಲಿ ಅದು ಬಂದಾಗ ನಾನು ಸೀಟಿ ಊದೋದನ್ನೂ ನಿಲ್ಲಿಸ್ತಿದ್ದೆ. ಈಗ ಆಯಮ್ಮ ಬರ್ತಾರೆ ಅಂತ ಮೈಯೆಲ್ಲ ಕಿವಿಯಾಗ್ತಿತ್ತು. ಹೊಸದ್ರಲ್ಲಿ ಅದೇ ಇಲ್ಲ."

ಅವನ ಮುಖ ಬಿಳಿಚಿಕೊಂಡಿತು.

"ಇಲ್ವಾ? ಆಲ್ಬಂ ನಾನಿನ್ನೂ ಕೇಳಿಲ್ಲ... ಆದ್ರೆ ನಾನು ಬಿಟ್ಟಿದ್ದೆನಲ್ಲ!"

ಮೊದಲ ಸಲ ಅವನು ನೇರವಾಗಿ ಅವಳ ಕಣ್ಣು ನೋಡಿದ. ಏನೋ ಹೇಳಲು ಬಾಯಿ ತೆರೆದ. ಮಾತಿನ ಬದಲು ಕೆಮ್ಮು ಬಂತು. ಕರವಸ್ತ್ರ ಒತ್ತಿಕೊಂಡು ಎದ್ದವನು, ಮೊಬೈಲ್ ಕವರುಗಳ ನಡುವೆ ದಾರಿ ಮಾಡಿಕೊಂಡು ಹೊರಟೇಹೋದ. ಭಾವ ಅವನ ಹಿಂದೆಯೇ ಓಡಿದ.

ಅವಳ ಕೈಯಲ್ಲಿ ಪೆನ್ನು ಹಾಗೇ ಇತ್ತು. ನಾನು ಬಿಟ್ಟಿದ್ದೆನಲ್ಲ... ಹಾಗಂದರೇನು?

* * *

ಮರುದಿನ ಆಸ್ಪತ್ರೆಗೆ ರಜೆ ಹೇಳಿ ಅವಳು ಸ್ಟುಡಿಯೋಗೆ ಹೋದಳು.

"ಅಯ್ಯೋ ಉಸಿರಾ ಮೇಡಂ?" ರೆಕಾರ್ಡಿಂಗ್ ಹುಡುಗಿ ಸಹಜವಾಗಿ ಹೇಳಿದಳು. "ಈಗ ಯಾರೂ ಅದನ್ನ ಇಟ್ಕೊಳ್ಳಲ್ಲ. ಕಂಪ್ಯೂಟರೇ ಹುಡುಕಿ ಅಳಿಸುತ್ತೆ. ನಿಮಗೆ ಕೊಟ್ಟಿದ್ದೂ ಅಳಿಸಿದ್ದೇ. ಸಾರ್‌ದಂತೂ ಅಳಿಸಲೇಬೇಕಿತ್ತು..."

"ಯಾಕೆ?"

ಹುಡುಗಿ ಕಂಪ್ಯೂಟರಿನ ಕಡೆ ತಿರುಗಿಕೊಂಡಳು.

"ಅಳಿಸೋ ಮುಂಚಿನದು ಇದೆಯಾ? ನನಗೆ ಕೇಳಬೇಕು."

ಹುಡುಗಿ ಹೆಡ್‌ಫೋನ್ ಕೊಟ್ಟಳು.

ಮೊದಲು ಒಂದು ಸದ್ದು ಬಂತು. ಒರಟು ಸದ್ದು, ಜರಡಿಯಲ್ಲಿ ಮರಳು ಆಡಿಸಿದ ಹಾಗೆ. ಅದು ಉಸಿರೆಂದು ತಿಳಿಯಲು ಅವಳಿಗೆ ಒಂದು ಕ್ಷಣ ಹಿಡಿಯಿತು. ಅವನ ಉಸಿರು! ಎಷ್ಟು ಕಷ್ಟಪಟ್ಟು ಎಳೆಯುತ್ತಿದ್ದ... ಎಳೆದ ಮೇಲೆ ಒಂದು ಚೂರು ಬಿಡುವು. ಅವಳು ಬರುವಷ್ಟೇ, ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಇಷ್ಟು ವರ್ಷದ ಮೇಲೂ ಅವನಿಗೆ ಅಳತೆ ಮರೆತಿರಲಿಲ್ಲ.

ನಡುವೆ ಕೆಮ್ಮು. ಬಳಿಕ ಅವನ ಮಾತು...

"ಸಾರಿ ಕಣಮ್ಮ, ಇನ್ನೊಂದ್ಸಲ ಹಾಡ್ತೀನಿ. ಬಿಸಿಲೇರಿದ್ರೆ ನನ್ನ ಎದೆ ಮಾತು ಕೇಳಲ್ಲ, ಅದಕ್ಕೇ ಬೆಳಿಗ್ಗೆ ಬರೋದು. ಅವಳ ಮುಂದೆ ಹೀಗೆಲ್ಲ ಕೆಮ್ಮೋಕಾಗಲ್ಲ, ಹೆದರ್ಕೋತಾಳೆ. ನೋಡು, ಬೇರೆ ಏನು ತೆಗೆದ್ರೂ ಈ ಉಸಿರು ಮಾತ್ರ ಅವಳಿಗೆ ಕೇಳೋ ಹಾಗಿರ್ಲಿ. ಸುಂಡಿಲಿ ಅದನ್ನ ಹಿಡ್ಕೊಂಡೇ ಬರೋದು."

ಅವಳು ಮೇಜಿನ ಅಂಚು ಹಿಡಿದುಕೊಂಡಳು.

"ನಾನು ತಮಾಷೆಗೆ ಹೇಳಿದ್ರು ಅಂದ್ಕೊಂಡೆ ಮೇಡಂ..." ಹುಡುಗಿಯ ಕಣ್ಣು ತುಂಬಿತ್ತು. "ಕಾಯಿಲೆ ಸದ್ದು ಕೇಳಿಸ್ಬಾರ್ದು, ಅವರ ದನಿ ಚೆನ್ನಾಗಿ ಬರ್ಲಿ ಅಂತ... ಒಳ್ಳೇದಾಗ್ಲಿ ಅಂತಾನೇ ಅಳಿಸ್ದೆ."

ಅವಳು ಹುಡುಗಿಯ ತಲೆ ಸವರಿದಳು. ಬೈಯಲು ಅವಳಲ್ಲಿ ಏನೂ ಉಳಿದಿರಲಿಲ್ಲ.

ಹೊರಗೆ ಬಂದು ಅಣ್ಣನಿಗೆ ಫೋನ್ ಮಾಡಿದಳು. ಕೇಳಿದ್ದನ್ನೆಲ್ಲ ಹೇಳಿದಳು.

"ನಿಂಗೆ ಹೇಳಕೂಡದು ಅಂತ ಮಾತು ತಗೊಂಡಿದ್ದ ಕಣೇ. ಶ್ವಾಸಕೋಶ ಗಟ್ಟಿಯಾಗ್ತಾ ಬರೋ ಕಾಯಿಲೆ. ಹೋಗೋದ್ರೊಳಗೆ ಒಂದ್ಸಲ ಅವಳ ಜೊತೆ ಹಾಡ್ಬೇಕು ಅಂದ. ಈ ಆಲ್ಬಂ ಮಾಡಿದ್ದೇ ಅದಕ್ಕೆ."

"ಎಷ್ಟು ದಿನ ಅಂತಾರೆ, ಅಣ್ಣಾ?"

"ಡಾಕ್ಟ್ರು ವರ್ಷದ ಮಾತು ಬಿಟ್ಟಿದಾರೆ. ತಿಂಗಳಲ್ಲಿ ಮಾತಾಡ್ತಾರೆ."

* * *

ಅಣ್ಣ ಕೊಟ್ಟ ವಿಳಾಸ ಹಿಡಿದು ಅವಳು ಅವನ ಮನೆಗೆ ಹೋದಳು. ಅವನು ಬಾಡಿಗೆಗಿದ್ದ, ಸೈಕಲ್ ರಿಪೇರಿ ಅಂಗಡಿಯ ಹಿಂದಿನ ನೆಲಮಾಳಿಗೆಯ ಮೆಟ್ಟಿಲು ಈಗ ಅವನಿಗೆ ಇಳಿಯಲಾಗದೆಂದು, ಅಂಗಡಿಯವರು ರಸ್ತೆ ಬದಿಯ ಕೋಣೆಯನ್ನೇ ಬಿಟ್ಟುಕೊಟ್ಟಿದ್ದರು. ಬಾಗಿಲು ತೆರೆದೇ ಇತ್ತು. ಕಿಟಕಿಯ ಬಳಿ ಕುರ್ಚಿ. ಪಕ್ಕದಲ್ಲಿ ಗುಂಯ್ ಎನ್ನುವ ಒಂದು ಯಂತ್ರ. ಅದರಿಂದ ಹೊರಟ ಸಣ್ಣ ನಳಿಕೆ ಅವನ ಮೂಗಿಗೆ ಬಂದಿತ್ತು. ಕಾಲನ್ನು ಅವನು ಮಾರಾಟವಾಗದ ಆಲ್ಬಮ್ಮುಗಳ ಪೆಟ್ಟಿಗೆಯ ಮೇಲೆ ಚಾಚಿದ್ದ.

ಅವಳನ್ನು ಕಂಡವನೇ ಗಾಬರಿಯಿಂದ ನಳಿಕೆ ಕಿತ್ತುಕೊಳ್ಳಲು ಹೋದ.

"ಮುಟ್ಟಬೇಡ ಅದನ್ನ!" ಅವಳು ಕೂಗಿದಳು. ಅಷ್ಟು ಗಟ್ಟಿ ದನಿ ತನ್ನದೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ.

ಅವನ ಕೈ ಹಾಗೇ ನಿಂತಿತು.

"ಕೂತ್ಕೊಳ್ಳಿ..."

"ಇನ್ನೊಂದ್ಸಲ ನನ್ನನ್ನ ಬಹುವಚನದಲ್ಲಿ ಕರೆದ್ರೆ ಆ ಪೆಟ್ಟಿಗೆ ಎತ್ತಿ ಕಾಲ ಮೇಲೆ ಹಾಕ್ತೀನಿ."

ಅವನ ತುಟಿಯಂಚಿನಲ್ಲಿ ನಗು ಮೂಡಿತು. "ಭಾರ ಇದೆ ಕಣೇ. ಒಂದೂ ಹೋಗಿಲ್ಲ."

ಅವಳು ಅವನೆದುರು ನೆಲದ ಮೇಲೆ ಕುಳಿತಳು. ಹೊರಗೆ ಯಾರೋ ಸೈಕಲ್ ಚಕ್ರ ತಿರುಗಿಸಿ ನೋಡುತ್ತಿದ್ದರು.

"ಕೇಳಿಸ್ಕೊಂಡೆ. ಅಳಿಸೋ ಮುಂಚಿನದನ್ನ."

ಅವನು ಕಣ್ಣು ಮುಚ್ಚಿದ.

"ಯಾಕೆ ಹೋದೆ ಅವತ್ತು? ನನಗೆ ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ. ನಾನು ನಿಂತ್ಬಿಡ್ತಿದ್ದೆ." ಪ್ರತಿ ಮಾತಿಗೂ ಅವನು ಉಸಿರು ಹುಡುಕಬೇಕಿತ್ತು. "ಆಸೆ ಆಯ್ತು ಕಣೇ. ಹೆಸರಿನಾಸೆ. ತಪ್ಪು ಮಾಡ್ದೆ."

"ಸೋತ ಮೇಲಾದ್ರೂ ಬರಬಹುದಿತ್ತಲ್ಲ!"

"ಸೋತ ಮುಖ ಹೊತ್ತು ಬರೋಕೆ ನಾಚಿಕೆ. ಒಂದ್ಸಲ ಗೆದ್ದು, ಆಮೇಲೆ ಬಂದು ಕೇಳೋಣ ಅಂತಿದ್ದೆ..." ಅವನು ಕಾಲಡಿಯ ಪೆಟ್ಟಿಗೆ ನೋಡಿದ. "ಗೆಲ್ಲಲೇ ಇಲ್ಲ."

ಹದಿನೇಳು ವರ್ಷ... ಅವನು ಗೆಲುವಿಗಾಗಿ ಕಾದ, ಅವಳು ಅವನಿಗಾಗಿ ಕಾದಳು. ಇಬ್ಬರ ಕಾಯುವಿಕೆಯನ್ನೂ ಯಾರೂ ತಿರುಗಿಸಿ ಕೊಡುವಂತಿರಲಿಲ್ಲ. ಅವಳು ಅವನ ಮಂಡಿಯ ಮೇಲೆ ತಲೆಯಿಟ್ಟು ಅತ್ತಳು. ಅವನು ಅವಳ ನರೆಗೂದಲ ಮೇಲೆ ಕೈಯಿಟ್ಟ. ಅವನ ಬೆರಳುಗಳು ತಣ್ಣಗಿದ್ದವು.

"ಈಗ ಕೇಳು," ಎಂದಳು, ತಲೆ ಎತ್ತದೆ.

"ಈಗ ಕೇಳಿದ್ರೆ ಅನ್ಯಾಯ ಆಗುತ್ತೆ ನಿಂಗೆ."

"ಕೇಳದೇ ಇದ್ದಿದ್ದೇ ಅನ್ಯಾಯ ಆಗಿದ್ದು."

ಅವನು ಅವಳ ಗಲ್ಲ ಹಿಡಿದು ಮುಖ ಮೇಲೆತ್ತಿದ.

"ನನ್ನ ಜೊತೆ ಇರ್ತೀಯಾ ಸುಂಡಿಲಿ? ಇರೋಷ್ಟು ದಿನ?"

"ನಾಳೆನೇ ಬರ್ತೀನಿ. ಬಟ್ಟೆ ಒಂದು ಚೀಲ, ಅಕ್ಕನ ಬೈಗುಳ ಒಂದು ಚೀಲ."

ಅವನು ನಕ್ಕ. ನಗು ಕೆಮ್ಮಾಯಿತು. ಅವಳು ಬೆನ್ನು ನೀವಿದಳು. ಕೆಮ್ಮು ನಿಂತ ಮೇಲೆ ಅವನ ಕಣ್ಣಲ್ಲಿ ನೀರಿತ್ತು.

"ಈ ಆಲ್ಬಮ್ಮಲ್ಲಿ ಎದುರುಬದುರು ನಿಂತು ಒಂದು ಹಾಡೂ ಹಾಡ್ಲಿಲ್ಲ ನೋಡು ನಾವು. ಇನ್ನು ನನ್ನ ಕೈಲಾಗಲ್ಲ. ನಿನ್ನ ಕರೆಯೋಷ್ಟು ಉಸಿರೇ ಇಲ್ಲ."

ಅವಳು ಎದ್ದು ಕಣ್ಣೊರೆಸಿಕೊಂಡಳು. ಆ ಪೆಟ್ಟಿಗೆಯನ್ನು ಎಳೆದು, ಅದರ ಮೇಲೆ ಅವನಿಗೆದುರಾಗಿ ಕೂತಳು. ಇಬ್ಬರ ನಡುವೆ ಒಂದು ಮೈಕಿನಷ್ಟೇ ಜಾಗ.

"ಇಷ್ಟು ದಿನ ನೀನು ಉಸಿರೆಳೀತಿದ್ದೆ, ನಾನು ಬರ್ತಿದ್ದೆ. ಇವತ್ತು ನಾನು ಎಳೀತೀನಿ. ನೀನು ಹಿಂದೆ ಬಾ. ಎಷ್ಟಾಗುತ್ತೋ ಅಷ್ಟು ಬಾ."

ಅವಳು ಉಸಿರೆಳೆದಳು. ದೀರ್ಘವಾಗಿ, ಕೇಳುವ ಹಾಗೆ. ಎಳೆದು ಒಂದು ಚೂರು ನಿಲ್ಲಿಸಿದಳು.

ಅವನು ಬಂದ! ಒಡೆದ ದನಿ, ಅರ್ಧ ಸಾಲು. ಉಳಿದರ್ಧವನ್ನು ಅವಳು ಹಾಡಿದಳು. ಹೊರಗೆ ತಿರುಗುತ್ತಿದ್ದ ಸೈಕಲ್ ಚಕ್ರದ ಸದ್ದು ನಿಂತಿತು.

"ಸರಿಯಾಗಿ ಬಂದೆನಾ?" ಏದುಸಿರು ಬಿಡುತ್ತಾ ಕೇಳಿದ ಅವನು.

"ಚೂರೂ ತಪ್ಪಲಿಲ್ಲ. ನನ್ನ ಉಸಿರು ಕೇಳಿಸ್ತಾ?"

"ಕೇಳಿಸ್ತು ಕಣೇ... ಪೂರ್ತಿ ಕೇಳಿಸ್ತು."

ಅವಳು ಅವನ ತಣ್ಣನೆಯ ಬೆರಳುಗಳನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡಳು.

"ಅಳಿಸೋಕೆ ಇಲ್ಲಿ ಯಾರೂ ಇಲ್ಲ," ಎಂದಳು.